ದುರಗವ್ವ ಚೆಲ್ಲಿದ ಹಳೇ ನೀರು

ನಮ್ಮ ಶಾಲೆಯಲ್ಲಿ ಎಲ್ಲರೂ ಹೆದರುವುದು ಇಬ್ಬರಿಗೆ. ಒಬ್ಬರು ಹೆಡ್ ಮಾಸ್ತರ್ ಕುಬೇರಪ್ಪನವರು, ಇನ್ನೊಬ್ಬಾಕೆ ದುರಗವ್ವ. ಕುಬೇರಪ್ಪನವರೂ ದುರಗವ್ವನಿಗೆ ಹೆದರುವುದರಿಂದ, ಖರೇ ಹೇಳಬೇಕೆಂದರೆ ಒಬ್ಬಾಕೆಗೇ.

ದುರಗವ್ವ ಶಾಲೆಯ ಆಯಾ. ವಯಸ್ಸು ಐವತ್ತಾರು, ಎತ್ತರ ಐದಡಿಗೆ ನಾಲ್ಕು ಬೆರಳು ಕಡಿಮೆ, ದನಿ ಮಾತ್ರ ಉಣಕಲ್ಲಿನ ಬಸ್ ಸ್ಟಾಪಿನವರೆಗೆ ಮುಟ್ಟುವಂಥದ್ದು. ಗಂಟೆ ಬಾರಿಸುವುದು, ಕಸ ಹೊಡೆಯುವುದು, ಮೂಗು ಸೋರುವ ಒಂದನೇ ತರಗತಿಯವರನ್ನು ಹಿಡಿದು ಒರೆಸುವುದು, ಎಲ್ಲವೂ ಆಕೆಯದೇ. ಆದರೆ ನಿನ್ನ ಕೆಲಸ ಏನು ಎಂದು ಕೇಳಿದರೆ ಅದೊಂದನ್ನೂ ಹೇಳುವುದಿಲ್ಲ. "ನಾ ನೀರಿನಾಕಿ" ಎನ್ನುತ್ತಾಳೆ.

ನಮ್ಮ ಭಾಗಕ್ಕೆ ಐದಾರು ದಿನಕ್ಕೊಮ್ಮೆ ನಳ ಬರುತ್ತದೆ. ಯಾವ ಹೊತ್ತಿಗೆ ಬರುತ್ತದೆ ಎಂದು ಬಿಡುವವರಿಗೂ ಗೊತ್ತಿರುತ್ತದೋ ಇಲ್ಲವೋ, ದುರಗವ್ವನಿಗೆ ಗೊತ್ತಿರುತ್ತದೆ. ನಳದ ಬಾಯಿಗೆ ಕಿವಿ ಹಚ್ಚಿ "ಇನ್ನ ಹತ್ತ ಮಿನಿಟು" ಅಂದಳೆಂದರೆ ಹತ್ತೇ ನಿಮಿಷ. ನೀರು ಬಂದ ಕೂಡಲೇ ಮೊದಲು ಮಾಡುವ ಕೆಲಸ ತುಂಬುವುದಲ್ಲ, ಚೆಲ್ಲುವುದು. ಹಂಡೆ, ಕೊಡ, ಬಕೀಟು, ಡ್ರಮ್ಮು, ಯಾವುದರಲ್ಲಿ ಏನೇ ಉಳಿದಿರಲಿ, ಅದು ಹಳೇ ನೀರು. ಹೊಸ ನೀರು ಬಂದ ಮೇಲೆ ಹಳೇ ನೀರು ಮನೆಯಲ್ಲಿರುವುದು ಮರ್ಯಾದಸ್ಥರ ಲಕ್ಷಣವಲ್ಲ. ಗಟಾರಕ್ಕೆ ಚೆಲ್ಲು, ಪಾತ್ರೆ ತಿಕ್ಕು, ಆಮೇಲೆ ತುಂಬು. ಇದು ದುರಗವ್ವನ ಕಾನೂನು ಮಾತ್ರವಲ್ಲ, ಹುಬ್ಬಳ್ಳಿಯ ಬಹಳಷ್ಟು ಮನೆಗಳ ಕಾನೂನು. ಐದು ದಿನ ನೀರಿಲ್ಲ ಎಂದು ಬೈಯುತ್ತ ಕೂಡುವ ನಾವು ಆರನೆಯ ದಿನ ಇದ್ದಬದ್ದ ನೀರನ್ನೆಲ್ಲ ಚೆಲ್ಲಿ ಗಟಾರ ತುಂಬಿಸುತ್ತೇವೆ.

ದುರಗವ್ವ ಇದರಲ್ಲಿ ಉಳಿದವರಿಗಿಂತ ಒಂದು ಕೈ ಮೇಲು. ಅದಕ್ಕೊಂದು ಕಾರಣವಿದೆ, ಮುಚ್ಚಿಡುವಂಥದ್ದೇನಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಆಕೆ ಕೆಲಸಕ್ಕೆ ಸೇರಿದಾಗ ಕೆಲವು ಮನೆಯವರು ಮಕ್ಕಳ ಕೊರಳಿಗೆ ನೀರಿನ ಬಾಟಲಿ ಕಟ್ಟಿ ಕಳಿಸತೊಡಗಿದರು. ಅಲ್ಲಿಯವರೆಗೆ ಯಾರೂ ಬಾಟಲಿ ತರುತ್ತಿರಲಿಲ್ಲ. ಯಾಕೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಕಸ ಹೊಡೆಯಲಿ, ನೀರು ಮುಟ್ಟುವುದು ಬೇಡ ಎಂದು ಕಮಿಟಿಯವರೊಬ್ಬರು ಅಂದಿದ್ದರಂತೆ. ದುರಗವ್ವ ಜಗಳಕ್ಕೆ ಹೋಗಲಿಲ್ಲ. ಕೊಡವನ್ನು ಕನ್ನಡಿಯಂತೆ ತಿಕ್ಕಿ, ಬಿಳೀ ಅರಿವೆಯಲ್ಲಿ ಸೋಸಿ, ತಣ್ಣಗಿನ ನೀರು ಇಟ್ಟಳು. ಬಿಸಿಲಲ್ಲಿ ಆಡಿ ಬಂದ ಮಕ್ಕಳಿಗೆ ಬಾಟಲಿಯ ಬೆಚ್ಚನೆಯ ನೀರು ರುಚಿಸುವುದು ಎಷ್ಟು ದಿನ? ಎರಡು ವರ್ಷದಲ್ಲಿ ಬಾಟಲಿಗಳು ನಿಂತವು. ದುರಗವ್ವನ ನೀರು ಹಳಸಿತು, ನಾರಿತು ಎಂದು ಯಾರ ಬಾಯಲ್ಲೂ ಬರಬಾರದೆಂಬ ಹಟ ಮಾತ್ರ ಇನ್ನೂ ನಿಂತಿಲ್ಲ.

ಹಟಕ್ಕೆ ಬಲಿಯಾದದ್ದು ನನ್ನ ವಿಜ್ಞಾನ. ನಾನು ಇಲ್ಲಿಯ ವಿಜ್ಞಾನದ ಟೀಚರ್, ಆರತಿ. ನನಗೆ ಸಿಟ್ಟು ಜಾಸ್ತಿ ಎಂದು ಮಕ್ಕಳು ಹೇಳುತ್ತಾರೆ. ದುರಗವ್ವನ ಜೊತೆ ಒಂದು ವರ್ಷ ಪ್ರಯೋಗ ಮಾಡಿ ನೋಡಲಿ, ಆಮೇಲೆ ಹೇಳಲಿ. ಹೋದ ಮಳೆಗಾಲದಲ್ಲಿ ಕಪ್ಪೆಮರಿ ಹೇಗೆ ಕಪ್ಪೆಯಾಗುತ್ತದೆ ಎಂದು ತೋರಿಸಲು ಬಕೀಟಿನಲ್ಲಿ ಮೂವತ್ತು ಮರಿ ಸಾಕಿದ್ದೆ. ತಂದ ನಾಲ್ಕನೆಯ ದಿನ ಕಾಲು ಮೂಡತೊಡಗಿದವು, ಅವತ್ತೇ ನಳ ಬಂತು. "ನೀರಾಗ ಹುಳಾ ಬಿದ್ದಿದ್ದೂವು ಟೀಚರ, ನಾ ನೋಡ್ಲಿಲ್ಲಂದ್ರ ಯಾರರ ಕುಡೀತಿದ್ರು" ಎಂದು ಆಕೆ ನನ್ನಿಂದ ಶಾಬಾಸ್‌ಗಿರಿ ನಿರೀಕ್ಷಿಸಿ ನಿಂತಳು. ಎರಡನೆಯ ಸಲ, ಉಪ್ಪಿನ ಹರಳು ಬೆಳೆಸಲು ಗ್ಲಾಸಿನಲ್ಲಿ ದಾರ ಇಳಿಬಿಟ್ಟು ಐದು ದಿನ ಕಾದಿದ್ದೆವು. ನೀರು ಚೆಲ್ಲಿದ್ದಲ್ಲದೆ ಹರಳು ಉದುರಿಸಿ ಆ ದಾರದಲ್ಲಿ ಸರಸ್ವತಿ ಫೋಟೋಕ್ಕೆ ಮಲ್ಲಿಗೆ ಕಟ್ಟಿದ್ದಳು. ನಾನು ಅತ್ತುಬಿಟ್ಟೆ. ಕುಬೇರಪ್ಪನವರು ಆಕೆಯನ್ನು ಆಫೀಸಿಗೆ ಕರೆಸಿದರು.

"ದುರಗವ್ವಾ, ಇನ್ನೊಮ್ಮೆ ಹಿಂಗಾತಂದ್ರ ನೀರಿನ ಕೆಲಸ ನಿನ್ನ ಕೈಯಾಗ ಇರಂಗಿಲ್ಲ ನೋಡು. ಬ್ಯಾರೇದಾಕಿನ್ನ ತಗೋತೇನಿ. ನೀ ಬರೇ ಕಸಾ ಹೊಡಕೋತ ಇರು."

ಆಕೆಯ ಮುಖ ಆಗ ಸಣ್ಣದಾದದ್ದನ್ನು ನಾನು ಕಂಡೆ. ಕೆಲಸ ಹೋಗುತ್ತದೆ ಎಂದಿದ್ದರೂ ಅಷ್ಟು ಆಗುತ್ತಿರಲಿಲ್ಲ. ಬರೇ ಕಸ ಹೊಡಿ ಎಂಬ ಮಾತನ್ನು ಹತ್ತೊಂಬತ್ತು ವರ್ಷದ ಹಿಂದೆ ಯಾರು ಅಂದಿದ್ದರೆಂದು ಕುಬೇರಪ್ಪನವರಿಗೆ ಗೊತ್ತಿರಲಿಲ್ಲ, ಅವರು ಬಂದು ಎಂಟೇ ವರ್ಷ.

ಇಂಥ ಹೊತ್ತಿನಲ್ಲಿ ನೀರಿನ ಹಬ್ಬ ಬಂತು. ಆರು ಶಾಲೆ ಸೇರಿ ನಮ್ಮ ಮೈದಾನದಲ್ಲಿ ಮಾಡುವುದೆಂದು ನಾನೇ ಓಡಾಡಿ ಒಪ್ಪಿಸಿದ್ದೆ. ಭಾಷಣ ಕಡಿಮೆ, ಎಲ್ಲವನ್ನೂ ಮಕ್ಕಳು ಕೈಯಾರೆ ಮಾಡಿ ನೋಡಬೇಕು. ಒಂದು ಟೇಬಲಿನಲ್ಲಿ ಸೋರುವ ನಳದ ಹನಿ ಎಣಿಸುವುದು, ಇನ್ನೊಂದರಲ್ಲಿ ಉಸುಕು ಇದ್ದಿಲು ಹಾಕಿ ರಾಡಿ ನೀರು ಸೋಸುವುದು, ಮೈದಾನದ ತುದಿಯಲ್ಲಿ ತುಂಬಿದ ಕೊಡ ಹೊತ್ತು ಓಡುವುದು. ನಮ್ಮ ಶಾಲೆಯ ಟೇಬಲಿನಲ್ಲಿ ಆರು ಗಾಜಿನ ಬರಣಿ, ಆರು ಕಡೆಯ ನೀರು. ಏಳನೇ ತರಗತಿಯ ಸ್ನೇಹಲ್ ಒಂದು ವಾರ ತಿರುಗಿ ತಂದದ್ದು: ಉಣಕಲ್ ಕೆರೆಯ ನೀರು ಹಸಿರು, ಶಿರಗುಪ್ಪಿಯ ಹೊಲದ ಹೊಂಡದ್ದು ಚಹಾದ ಬಣ್ಣ, ಕೇಶ್ವಾಪುರದ ಬೋರಿನದ್ದು ನೋಡಲು ತಿಳಿ, ಬಾಯಿಗೆ ಸವುಳು, ಹೀಗೆ. ನೋಡುವವರು ಪ್ರತಿಯೊಂದನ್ನೂ ಗ್ಲಾಸಿಗೆ ಹಾಕಿ, ಕೆಳಗೆ ಪೇಪರು ಇಟ್ಟು, ಅಕ್ಷರ ಓದಲು ಬರುತ್ತದೋ ಇಲ್ಲವೋ ಪರೀಕ್ಷಿಸಬೇಕು. ಹಿಂದಿನ ಸಂಜೆಯೇ ಬರಣಿ, ಗ್ಲಾಸು ಸಾಲಾಗಿ ಜೋಡಿಸಿ, ಉಣಕಲ್, ಶಿರಗುಪ್ಪಿ, ಕೇಶ್ವಾಪುರ ಎಂದು ಚೀಟಿ ಅಂಟಿಸಿದೆವು.

ಹೋಗುವಾಗ ದುರಗವ್ವನಿಗೆ ಕೈ ಮುಗಿದೆ. "ಈ ಟೇಬಲ್ ಮ್ಯಾಗಿಂದು ಮಕ್ಕಳು ಮುಟ್ಟದಂಗ ನೋಡ್ಕೋಬೇ."

"ಯಾರನ್ನೂ ಹಾಯಗೊಡಂಗಿಲ್ಲ ತಗೋರಿ" ಎಂದಳು. ಮಕ್ಕಳು ಅಂದೆನೇ ಹೊರತು ನೀನು ಎನ್ನಲಿಲ್ಲ. ಅದು ನನ್ನ ತಪ್ಪು.

ಹಬ್ಬದ ದಿನ ಬೆಳಗಿನ ಆರಕ್ಕೆ ನಳ ಬಂತು. ದುರಗವ್ವ ಡ್ರಮ್ಮು ಚೆಲ್ಲಿದಳು, ಹಂಡೆ ಚೆಲ್ಲಿದಳು, ಆಮೇಲೆ ಟೇಬಲಿನ ಕಡೆ ತಿರುಗಿದಳು. ಆಕೆಯ ಲೆಕ್ಕ ಆಮೇಲೆ ನನಗೆ ತಿಳಿಯಿತು. ಬರಣಿಯ ಪಕ್ಕಕ್ಕೆ ತೊಳೆದ ಗ್ಲಾಸು ಇವೆ, ಅಂದಮೇಲೆ ಅದು ಕುಡಿಯುವ ನೀರು. ಉಣಕಲ್, ಶಿರಗುಪ್ಪಿ, ಕೇಶ್ವಾಪುರ ಎಂದು ಬರೆದಿದೆ, ಆ ಊರಿನ ಶಾಲೆಯವರೇ ಇವತ್ತು ಬರುವವರು, ಅಂದಮೇಲೆ ಯಾರ ಪಾಲಿನದು ಯಾರಿಗೆ ಎಂದು ಟೀಚರು ಬರೆದಿಟ್ಟಿದ್ದಾರೆ. ಬೀಗರಂತೆ ಬಂದ ಅತಿಥಿಗಳಿಗೆ ಪಾಚಿಗಟ್ಟಿದ ನೀರು ಕುಡಿಸುವುದೇ? ಆರೂ ಬರಣಿ ಗಟಾರಕ್ಕೆ ಚೆಲ್ಲಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಹೊಸ ನೀರು ಸೋಸಿ ತುಂಬಿ, ಚೀಟಿ ಒದ್ದೆಯಾಗದಂತೆ ಜೋಪಾನ ಮಾಡಿ, ಧೂಳು ಬೀಳಬಾರದೆಂದು ಮೇಲೊಂದು ಬಿಳೀ ಅರಿವೆ ಹೊದಿಸಿದಳು. ಬ್ಯಾನರು ಕಟ್ಟುವ ಗಡಿಬಿಡಿಯಲ್ಲಿ ಆ ಅರಿವೆ ಎತ್ತಿ ನೋಡಲು ನನಗೆ ಪುರಸೊತ್ತಾಗಲಿಲ್ಲ.

ಉದ್ಘಾಟನೆಗೆ ಬಂದವರು ನಿವೃತ್ತ ಇಂಜಿನಿಯರ್ ಬಸವಪ್ರಭು ಅವರು. ನಲವತ್ತು ವರ್ಷ ರಸ್ತೆ ಮಾಡಿಸಿದವರು, ನೀರಿನೊಂದಿಗೆ ಅವರ ಪರಿಚಯವೆಲ್ಲ ರಸ್ತೆಯ ಮೇಲೆ ನಿಂತ ನೀರಿನದು. ನಿವೃತ್ತರಾದ ಮೇಲೆ ಹತ್ತು ಜನ ಗೆಳೆಯರನ್ನು ಕೂಡಿಸಿಕೊಂಡು ಉಣಕಲ್ ಕೆರೆಯ ದಂಡೆಯಲ್ಲಿ ಐತವಾರಕ್ಕೊಮ್ಮೆ ಪ್ಲಾಸ್ಟಿಕ್ ಆರಿಸುತ್ತಾರೆ. ಒಳ್ಳೆಯ ಕೆಲಸ. ಆರಿಸಿದ್ದಕ್ಕಿಂತ ಹೇಳಿದ್ದು ಜಾಸ್ತಿ, ಅಷ್ಟೇ.

ಅವರು ಅರಿವೆ ಎತ್ತಿದರು. ಆರು ಬರಣಿ, ಆರರಲ್ಲೂ ಗಂಗೆ ಥಳಥಳ ಹೊಳೆಯುತ್ತಿದ್ದಾಳೆ. ಸ್ನೇಹಲ್ ನನ್ನ ಮುಖ ನೋಡಿದಳು. ನಾನು ದುರಗವ್ವನ ಮುಖ ನೋಡಿದೆ. ಆಕೆ ಇನ್ನೂ ಹೆಮ್ಮೆಯಿಂದ ನಗುತ್ತಿದ್ದಳು.

ಇಂಜಿನಿಯರ್ ಸಾಹೇಬರು ಉಣಕಲ್ ಎಂಬ ಚೀಟಿಯ ಬರಣಿಯಿಂದ ಗ್ಲಾಸಿಗೆ ಹಾಕಿ, ಪೇಪರಿನ ಮೇಲಿಟ್ಟು, ಚಾಳೀಸಿನ ಕನ್ನಡಕವೂ ಇಲ್ಲದೆ ಬಂಗಾರದ ಧಾರಣೆ ಓದಿದರು.

"ಸರ್, ನಿನ್ನಿ ಇದು ಹಸರ ಇತ್ರಿ" ಎಂದಳು ಸ್ನೇಹಲ್.

"ತಿಳಿಗೊಂಡೈತಿ ತಂಗಿ! ಮೂರು ವರ್ಷ ನಾವು ಪಟ್ಟ ಶ್ರಮಾ ಇದು." ಅವರ ಕಣ್ಣಲ್ಲಿ ನಿಜವಾಗಿ ನೀರು ಬಂತು. ಮೈಕು ಹಿಡಿದು ಮಕ್ಕಳ ಕಡೆ ತಿರುಗಿದರು. "ನೋಡ್ರಿ ಮಕ್ಕಳ್ರಾ, ಉಣಕಲ್ ಕೆರಿ ನೀರು! ನಳದ ನೀರಿಗೂ ಇದಕ್ಕೂ ಒಂದ ಕೂದಲ ಫರಕಿಲ್ಲ!"

ಅದೊಂದು ಮಾತು ಮಾತ್ರ ಅವರು ಖರೇ ಹೇಳಿದರು.

"ಕುಡೀಬಹುದೇನ್ರಿ ಸರ್?" ಎಂದು ನಾಲ್ಕನೆಯ ತರಗತಿಯ ಯಾರೋ ಕೇಳಿದರು.

"ಕಣ್ಣು ಮುಚ್ಚಿ ಕುಡೀರಿ!"

ದುರಗವ್ವನ ನಗು ಅಲ್ಲಿಗೆ ನಿಂತಿತು. ಆ ಬರಣಿಗಳಲ್ಲಿ ಏನಿತ್ತು, ತಾನು ಏನು ಮಾಡಿದ್ದೇನೆ ಎಂಬುದು ಆಕೆಗೆ ಆಗ ಹೊಳೆಯಿತು. ಕುಬೇರಪ್ಪನವರು ಚಪ್ಪಾಳೆ ಹೊಡೆಯುತ್ತಿದ್ದರು, ಅವರಿಗೆ ಏನೂ ಗೊತ್ತಾಗಿರಲಿಲ್ಲ. ಗೊತ್ತಿದ್ದವರು ಮೂವರೇ. ಅದರಲ್ಲಿ ಸ್ನೇಹಲ್ ಚಿಕ್ಕವಳು. ನಾನು? ನಾನು ಸುಮ್ಮನಿದ್ದೆ. ಹಬ್ಬ ಚೆಂದ ನಡೆದಿದೆ, ಸಾಹೇಬರಿಗೆ ಖುಷಿಯಾಗಿದೆ, ನಾಳೆ ಕ್ಲಾಸಿನಲ್ಲಿ ತಿದ್ದಿದರಾಯಿತು ಎಂದುಕೊಂಡೆ. ಇಷ್ಟು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿ ಎಂದು ಕಲಿಸಿದವಳು ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಕೆರೆಯ ಬದಿ ಕ್ರಿಕೆಟ್ ಆಡುವ ಆರನೆಯ ತರಗತಿಯ ಗುಂಪಿನಿಂದ ಒಂದು ಕೂಗು ಬಂತು. "ಅಂದ್ರ ಐತವಾರ ಆಡಾಕ ಹೋಗುಮುಂದ ಬಾಟ್ಲಿ ಒಯ್ಯೋದು ಬ್ಯಾಡಲೇ!"

ದುರಗವ್ವ ಒಮ್ಮೆ ಕುಬೇರಪ್ಪನವರನ್ನು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಆಕೆಗೆ ಮೈಕು ಬೇಕಾಗಲಿಲ್ಲ.

"ಕುಡೀಬ್ಯಾಡ್ರ್ಯೋ! ಅದು ಕೆರಿ ನೀರಲ್ಲ, ನಳದ್ದು! ಕೆರಿ ನೀರು ನಾ ಚೆಲ್ಲೀನಿ. ಆರೂ ಬರಣಿ ನಾನಽ ಚೆಲ್ಲಿ ತುಂಬೀನಿ. ಆ ಕೆರಿ ನೀರು ಕುಡದ್ರ ಹೊಟ್ಟಿ ಜಾಡಸ್ಕೊಂಡು ಮಕ್ಕೋತೀರಿ, ಹೇಳೇನಿ!"

ಬಸವಪ್ರಭು ಅವರು ಗ್ಲಾಸನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದೇ ನಿಂತರು. ಕುಬೇರಪ್ಪನವರ ಕೈ ಚಪ್ಪಾಳೆಯ ಅರ್ಧದಲ್ಲಿ ನಿಂತಿತ್ತು. ಅವರು ಹಲ್ಲು ಕಚ್ಚಿ ಕೇಳಿದರು, "ಯಾಕ ಚೆಲ್ಲಿದಿ?"

"ಹೊಸಾ ನೀರ ಬಂದೂವ್ರಿ ಸರ್. ಹಳೇವು ಚೆಲ್ಲಬೇಕಲ್ರಿ. ನಿಮ್ಮ ಮನ್ಯಾಗ ಚೆಲ್ಲಂಗಿಲ್ಲೇನ್ರಿ?"

ಉತ್ತರ ಕೊಟ್ಟದ್ದು ಮಕ್ಕಳು. "ನಮ್ಮವ್ವಾನೂ ಚೆಲ್ತಾಳ್ರಿ", "ನಮ್ಮಾಯಿ ಎಂಟ ಕೊಡಾ ಚೆಲ್ತಾಳ್ರಿ", "ನಮ್ಮಲ್ಲಿ ಡ್ರಮ್ಮ ಬೋರಲ ಹಾಕ್ತಾರ್ರಿ" ಎಂದು ಆರೂ ಶಾಲೆಯವರು ಟೇಬಲಿಗೆ ಮುತ್ತಿದರು. ಸ್ನೇಹಲ್ ಚಾರ್ಟು ತಿರುವಿ ಹಾಕಿ, ಹಿಂದಿನ ಬಿಳೀ ಬದಿಯಲ್ಲಿ ಹೆಸರು, ಚೆಲ್ಲುವ ಕೊಡ ಎಂದು ಗೆರೆ ಎಳೆದು ಬರೆಯತೊಡಗಿದಳು. ನಮ್ಮ ಮನೆಯದು ಎಷ್ಟು ಎಂದು ನನ್ನನ್ನೂ ಬಿಡಲಿಲ್ಲ. ನಾಲ್ಕು ಎಂದೆ. ಆರು ಎನ್ನುವುದು ಖರೇ ಲೆಕ್ಕ, ಆಮೇಲೆ ತಿದ್ದಿಸಿದೆ. ಸಂಜೆಯ ಹೊತ್ತಿಗೆ ಎಂಬತ್ತೊಂದು ಮನೆ, ಮುನ್ನೂರಾ ಎಪ್ಪತ್ತು ಕೊಡ. ಆರು ದಿನಕ್ಕೊಮ್ಮೆ, ಕೈಯಾರೆ, ಗಟಾರಕ್ಕೆ. ಬಸವಪ್ರಭು ಅವರೇ ಕನ್ನಡಕ ಹಾಕಿಕೊಂಡು ಕೂಡಿಸಿ ಕೊಟ್ಟರು. ಬೇರೆ ಯಾವ ಟೇಬಲಿಗೂ ಅಷ್ಟು ಜನ ಸೇರಲಿಲ್ಲ. ಹಬ್ಬ ಕಲಿಸಬೇಕಾದದ್ದನ್ನು ನನ್ನ ಆರು ಬರಣಿ ಕಲಿಸಲಿಲ್ಲ, ಅವನ್ನು ಚೆಲ್ಲಿದಾಕೆ ಕಲಿಸಿದಳು.

ಆದರೆ ಹೆಡ್ ಮಾಸ್ತರ್ ಮಾತೆಂದರೆ ಮಾತು. ಶಾಮಿಯಾನ ಬಿಚ್ಚುವ ಹೊತ್ತಿಗೆ ದುರಗವ್ವನನ್ನು ಆಫೀಸಿಗೆ ಕರೆಸಿದರು. ನಾನೂ ಹೋದೆ, ತಪ್ಪು ನನ್ನದೂ ಇದೆ ಎಂದು ಹೇಳಿದೆ. ಕೇಳಿಸಿಕೊಳ್ಳಲಿಲ್ಲ. ಬಂದ ಅತಿಥಿಗಳ ಮುಂದೆ ಮರ್ಯಾದೆ ಹೋಯಿತು, ಕಪ್ಪೆಮರಿ ಹೋಯಿತು, ಹರಳು ಹೋಯಿತು, ಎಲ್ಲವನ್ನೂ ಮೊದಲಿನಿಂದ ಹಿಡಿದು ಕಾಲು ಗಂಟೆ ಬೈದರು. ಕೊನೆಗೆ ಟೇಬಲ್ ಗುದ್ದಿ ತೀರ್ಪು ಕೊಟ್ಟರು.

"ಇವತ್ತಿಂದ ನೀರು ನೀ ಮುಟ್ಟೂ ಹಂಗಿಲ್ಲ! ಮುಗೀತು!"

ದುರಗವ್ವ ತಲೆ ಬಗ್ಗಿಸಿ ನಿಂತಳು. ಆಕೆಯ ಕಣ್ಣಿನಿಂದ ಹನಿ ಬಿದ್ದದ್ದು ನನಗೆ ಕಂಡಿತು. ಕುಬೇರಪ್ಪನವರಿಗೆ ಕೂಗಿ ಕೂಗಿ ಗಂಟಲು ಒಣಗಿತ್ತು. ಕೆಮ್ಮು ಬಂತು. ಕೆಮ್ಮುತ್ತಲೇ ಎದೆ ಹಿಡಿದುಕೊಂಡು ಅಂದರು:

"ದುರಗವ್ವಾ, ಲಗೂನ ಒಂದ ಗ್ಲಾಸ್ ನೀರ ತಾ."

ದುರಗವ್ವ ಕದಲಲಿಲ್ಲ. ಕಣ್ಣೊರೆಸಿಕೊಂಡು ಬಹಳ ವಿನಯದಿಂದ ಕೇಳಿದಳು, "ಯಾರ್ನ ಕಳಸ್ಲಿ ಹೇಳ್ರಿ ಸರ್?"

ಅವರು ಆಕೆಯನ್ನು ನೋಡಿದರು, ನನ್ನನ್ನು ನೋಡಿದರು. ಕೆಮ್ಮು ಇನ್ನೂ ಜೋರಾಯಿತು. ಮುಖ ಕೆಂಪಾಯಿತು. ಕೈಯಿಂದ ಬಾಗಿಲು ತೋರಿಸಿದರು, ಹೋಗು, ನೀನೇ ಹೋಗು ಎನ್ನುವಂತೆ. ದುರಗವ್ವ ಬಾಗಿಲವರೆಗೆ ಹೋದವಳು ಹೊರಳಿ ನಿಂತಳು.

"ಹಳೇವು ತರ್ಲ್ಯೋ ಸರ್, ಹೊಸಾವು ತರ್ಲ್ಯೋ?"

"ಯಾವರ ತಾರಬೇ ತಾಯಿ" ಎಂದರು ಕುಬೇರಪ್ಪನವರು, "ಆದ್ರ ನೀನಽ ತಾ."