ಎರಡನೇ ಸಾಲಿನ ಮಗು

ಯಶವಂತಪುರದಲ್ಲಿ ಏಳೂವರೆಯ ಬಸ್ಸು ಹತ್ತಿದಾಗ ಮಂಜು ಇನ್ನೂ ನೆಲ ಬಿಟ್ಟಿರಲಿಲ್ಲ. ಎಂಬತ್ತರ ದಶಕದ ಆರಂಭದ ಒಂದು ಡಿಸೆಂಬರ್. ನಾನಾಗ ಮಕ್ಕಳ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಗುಮಾಸ್ತೆ. ಕೈಚೀಲದಲ್ಲಿ ಜಕ್ಕೂರಿನ ಒಂದು ವಿಳಾಸವಿತ್ತು.

ಹುಟ್ಟಿನಿಂದಲೇ ಹೃದಯದ ದೋಷವಿರುವ ಎಳೆಮಕ್ಕಳನ್ನು ಮತ್ತೆ ಕರೆಸಿ ನೋಡಬೇಕೆಂದು ನಮ್ಮ ಡಾಕ್ಟರಮ್ಮ ಪಟ್ಟಿ ಕೇಳಿದ್ದರು. ಕೊಟ್ಟೆ. ಓದಿ, "ಇಷ್ಟೇನಾ? ನಾನೊಬ್ಳೇ ಇದಕ್ಕಿಂತ ಜಾಸ್ತಿ ನೋಡಿದೀನಲ್ಲ" ಎಂದರು. ತಪ್ಪು ಎಲ್ಲಿತ್ತೆಂದು ಆಮೇಲೆ ಹೊಳೆಯಿತು. ಮಗು ಮನೆಗೆ ಹೊರಡುವಾಗ ಡಾಕ್ಟರು ಬರೆದ ಚೀಟಿಯಲ್ಲಿ ಮೊದಲ ಸಾಲಿನ ಕಾಯಿಲೆಯನ್ನು ಮಾತ್ರ ನಾವು ಕಾರ್ಡಿಗೆ ಏರಿಸುತ್ತಿದ್ದೆವು. ಜ್ವರವೆಂದು ಬಂದ ಮಗು ಜ್ವರದ ಕಾರ್ಡಿನಲ್ಲೇ ಉಳಿಯುತ್ತಿತ್ತು, ಹೃದಯದ ಪಟ್ಟಿಗೆ ಬರುತ್ತಿರಲಿಲ್ಲ. ಕಡತಗಳಲ್ಲಿದ್ದ ಹಳೆಯ ಚೀಟಿಗಳನ್ನು ತಿರುವಿದಾಗ ಒಂದರ ಎರಡನೇ ಸಾಲಿನಲ್ಲಿ, ಎದೆಯಲ್ಲಿ ಅಸಹಜ ಸದ್ದು, ಹೃದಯ ಪರೀಕ್ಷೆ ಆಗಬೇಕು ಎಂದಿತ್ತು. ಜಕ್ಕೂರು ರತ್ನಮ್ಮನ ಮಗು, ಹೆಣ್ಣು, ನಾಲ್ಕು ತಿಂಗಳು. ಕಾರ್ಡಿನ ಮೇಲಿದ್ದದ್ದು ನನ್ನದೇ ಕೈಬರಹ. ಕಾಗದ ಹಾಕಿದೆವು, ಉತ್ತರ ಬರಲಿಲ್ಲ.

ಹೆಬ್ಬಾಳದಲ್ಲಿ ಬಸ್ಸು ಬದಲಿಸಿದೆ. ಕೆರೆ ಕಾಣಲಿಲ್ಲ, ಮಂಜಿನೊಳಗೆ ನೀರುಕೋಳಿಗಳ ಕೂಗಷ್ಟೇ ಕೇಳುತ್ತಿತ್ತು. ಬಳ್ಳಾರಿ ರಸ್ತೆಯ ದ್ರಾಕ್ಷಿ ತೋಟಗಳ ಕಲ್ಲುಕಂಬಗಳು ಒಂದೊಂದಾಗಿ ಎದ್ದು ಬಂದು, ನನ್ನನ್ನು ನೋಡಿ, ಹಿಂದಕ್ಕೆ ಸರಿದುಹೋಗುತ್ತಿದ್ದವು. ಕಂಡಕ್ಟರ್ ಎರಡು ಸಲ ಕೂಗಿದ ಮೇಲೆಯೇ ಎಚ್ಚರವಾಗಿ ಇಳಿದೆ. ಅರ್ಧ ಮೈಲಿ ನಡೆಯುವಷ್ಟರಲ್ಲಿ ಬಿಸಿಲು ಬಿತ್ತು. ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನವೊಂದು ಊರಿನ ಮೇಲೆ ನಿಧಾನವಾಗಿ ತೇಲುತ್ತಿತ್ತು.

ರತ್ನಮ್ಮ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕಾಗದ ತಲುಪಿರಲಿಲ್ಲವಂತೆ. ಮಗುವಿಗೆ ಈಗ ಎರಡು ವರ್ಷ, ಹೆಸರು ಗೌರಿ. ಅವಳು ವಿಮಾನ ನೋಡುತ್ತ ನಾಲ್ಕು ಹೆಜ್ಜೆ ನಡೆದು ಕುಕ್ಕರುಗಾಲಲ್ಲಿ ಕೂತಳು. ಎದ್ದು ಮತ್ತೆ ನಾಲ್ಕು ಹೆಜ್ಜೆ, ಮತ್ತೆ ಕೂತಳು. ತುಟಿ ನೇರಳೆ ಹಣ್ಣು ತಿಂದಂತಿತ್ತು.

"ಯಾವಾಗ್ಲೂ ಇಂಗೇ ಕಣಮ್ಮ. ಚಳಿಗೆ ಅಂದ್ಕೊಂಡಿದ್ದೆ. ಜ್ವರ ಬಿಟ್ಟದೆ ಅಂತ ಮನೆಗೆ ಕಳ್ಸಿದ್ರು, ಅಷ್ಟೇಯ."

ಚಳಿಗಲ್ಲ ಎಂದೆ. ಡಾಕ್ಟರು ಬರೆದಿದ್ದನ್ನೂ ನಾನು ಅದನ್ನು ಕಾರ್ಡಿಗೆ ಏರಿಸದೆ ಬಿಟ್ಟದ್ದನ್ನೂ ಹೇಳಿದೆ. ಆಕೆ ಕಾಳಿನ ಮೊರವನ್ನು ಪಕ್ಕಕ್ಕಿಟ್ಟರು.

"ಈಗ ತೋರಿಸಿದ್ರೆ ಉಳೀತಾಳಾ?"

"ನಂಗೊತ್ತಿಲ್ಲ. ಇವತ್ತೇ ಹೋಗೋಣ ಬನ್ನಿ."

ಆಕೆ ಕೈ ತೊಳೆದು, ಸೀರೆ ಬದಲಿಸಿ, ಮನೆಗೆ ಬೀಗ ಹಾಕಿದರು.

ಬಸ್ಸಿನಲ್ಲಿ ಗೌರಿ ನನ್ನ ಮಡಿಲಲ್ಲೇ ನಿದ್ದೆಹೋದಳು. ಎದೆಯ ಮೇಲಿಟ್ಟ ನನ್ನ ಅಂಗೈಗೆ ಒಳಗಿನಿಂದ ಬೆಕ್ಕು ಗುರುಗುಟ್ಟುವಂಥ ನಡುಕ ತಾಕುತ್ತಿತ್ತು. ರಸ್ತೆ, ಜನ, ಬಿಸಿಲು ಎಲ್ಲ ಎಲ್ಲೋ ದೂರ ಹೋಗಿ ಲೋಕದಲ್ಲಿ ಆ ನಡುಕವೊಂದೇ ಉಳಿದಂತಿತ್ತು. ಇಳಿಯುವ ಜಾಗ ಬಂದದ್ದೂ ರತ್ನಮ್ಮ ಹೇಳಿದ ಮೇಲೆಯೇ ತಿಳಿಯಿತು.

ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡು ಮಗುವಿನ ಎದೆಬಡಿತ ಕೇಳಿದರು. ತಡವಾಗಿದೆ, ಆದರೆ ಕೈಮೀರಿಲ್ಲ ಎಂದು ಅಂದೇ ದಾಖಲು ಮಾಡಿಸಿದರು. ಬೇಸಿಗೆಯಲ್ಲಿ ಆಪರೇಷನ್ ಆಯಿತು, ಗೌರಿ ಉಳಿದಳು. ಮಿಕ್ಕ ಚೀಟಿಗಳ ಎರಡನೇ ಸಾಲು ಓದಿ ಮುಗಿಸಲು ನನಗೆ ಒಂದು ವರ್ಷ ಹಿಡಿಯಿತು. ಕೆಲವು ಮನೆಗಳಿಗೆ ನಾನು ಹೋದದ್ದು ತಡವಾಗಿತ್ತು.

ಗೌರಿಯನ್ನು ದಾಖಲು ಮಾಡಿದ ದಿನ ಸಂಜೆ ಮನೆಗೆ ಹೊರಟವಳು ವಾರ್ಡಿನ ಬಾಗಿಲಲ್ಲಿ ತಿರುಗಿ ನೋಡಿದೆ. ರತ್ನಮ್ಮ ಮಗುವಿನ ಪಾದ ಹಿಡಿದುಕೊಂಡು ಮಂಚದ ಮೇಲೆ ಕೂತಿದ್ದರು. ನನ್ನನ್ನು ಕ್ಷಮಿಸಿದ್ದರೋ ಇಲ್ಲವೋ, ಮುಖ ನೋಡಿ ಹೇಳಲಾಗುತ್ತಿರಲಿಲ್ಲ. ನನ್ನನ್ನು ಕಂಡು ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ನಾನು ಹಿಂದಿರುಗಿ ಹೋಗಿ ಕೂತೆ.