ಹನ್ನೊಂದು ತುದಿಯ ಕೆಂಪು ಎಲೆ

ಆಗಿನ್ನೂ ಬಹರೈನ್‌ನಿಂದ ಸೌದಿಗೆ ಕಾರಿನಲ್ಲಿ ಹೋಗುವ ಹಾಗಿರಲಿಲ್ಲ. ಸಮುದ್ರದ ಮೇಲೆ ಸೇತುವೆ ಕಟ್ಟುತ್ತಿದ್ದ ವರ್ಷಗಳವು. ಉಮ್ ಅಲ್ ಹಸ್ಸಮ್‌ನ ನಮ್ಮ ವಠಾರದಲ್ಲಿ ಇದ್ದದ್ದು ಮೂರೇ ಮನೆ. ಮುಂದಿನ ಎರಡು ದೊಡ್ಡ ಮನೆಗಳಲ್ಲಿ ಒಂದು ಕೆನಡಾದವರದು, ಇನ್ನೊಂದು ಅಮೆರಿಕದವರದು. ಹಿಂದಿನ ಪುಟ್ಟ ಮನೆ ನಮ್ಮದು. ಕೆನಡಾದ ಮಾರ್ಗರೆಟ್ ಆಂಟಿಯ ಗಂಡ ಸೇತುವೆಯ ಕೆಲಸಕ್ಕೆ ಬಂದ ಇಂಜಿನಿಯರು. ಅಮೆರಿಕದ ಡೋನಾ ಆಂಟಿಯ ಗಂಡನಿಗೆ ಜುಫೈರ್‌ನ ನೌಕಾನೆಲೆಯಲ್ಲಿ ಕೆಲಸ. ನನ್ನಪ್ಪ ಉಡುಪಿ ಕಡೆಯ ಟೈಲರು. ರಸ್ತೆಯಾಚೆ ಅವರ ಅಂಗಡಿ, ಗಂಡಸರ ಪ್ಯಾಂಟು ಶರ್ಟು ಮಾತ್ರ. ಮಾರ್ಗರೆಟ್ ಆಂಟಿಯ ಮಗಳು ಕೇಟಿಗೂ ನನಗೂ ಒಂಬತ್ತು ವರ್ಷ. ಸ್ನೇಹಕ್ಕೆ ಅಷ್ಟೇ ಸಾಕಾಗಿತ್ತು.

ಚಳಿಗಾಲ ಬಂತೆಂದರೆ ನಮಗೆ ಹಿಗ್ಗೋ ಹಿಗ್ಗು. ಕಿಟಕಿಯ ಏಸಿಗಳ ಗುರ್ ಸದ್ದು ನಿಂತು, ಒಂದು ಮನೆಯ ಮಾತು ಇನ್ನೊಂದಕ್ಕೆ ಕೇಳಿಸತೊಡಗುತ್ತಿತ್ತು. ಅಮ್ಮ ಬಂಗುಡೆ ಹುರಿಯುವ ವಾಸನೆ, ಮೂಲೆಯ ಬೇಕರಿಯಿಂದ ಬಿಸಿ ಖುಬ್ಜ್ ರೊಟ್ಟಿಯ ವಾಸನೆ, ಡೋನಾ ಆಂಟಿಯ ಓವನಿನಿಂದ ದಾಲ್ಚಿನ್ನಿಯ ವಾಸನೆ, ಎಲ್ಲವೂ ಅಂಗಳದಲ್ಲಿ ಕಲಸಿಹೋಗುತ್ತಿದ್ದವು. ನಾನು ಕೇಟಿಗೆ ಕುಂಟೆಬಿಲ್ಲೆ ಕಲಿಸಿದೆ. ಅವಳು ನನ್ನ ಕೈಗೆ ಪೊರಕೆ ಕೊಟ್ಟು, ಮರಳಿನ ಮೇಲೆ ಐಸ್ ಹಾಕಿ ಎಂಬ ತನ್ನೂರಿನ ಆಟ ಆಡಿಸಿದಳು. ಐಸನ್ನು ಇಬ್ಬರೂ ಇದೆ ಎಂದುಕೊಂಡೆವು.

ನಮ್ಮ ಮನೆಯವರಿಗೆ ಮೊದಮೊದಲು ಆ ಎರಡು ಮನೆಯವರೂ ಒಂದೇ. ಒಂದು ಸಂಜೆ ಅಮ್ಮ ಚಹಾ ಕೊಡುತ್ತಾ, "ನಿಮ್ಮ ಅಮೆರಿಕದಲ್ಲಿ ತುಂಬಾ ಚಳಿಯಂತೆ" ಎಂದುಬಿಟ್ಟಳು. ಮಾರ್ಗರೆಟ್ ಆಂಟಿ ಕಪ್ಪನ್ನು ಕೆಳಗಿಟ್ಟು, "ಕೆನಡಾ" ಎಂದರು. ನಗುತ್ತಲೇ ಹೇಳಿದರು, ಆದರೆ ಆ ನಗು ಕಣ್ಣಿನವರೆಗೆ ಹೋಗಲಿಲ್ಲ.

ಅವರು ಹೋದ ಮೇಲೆ ನಾನು, "ಅಷ್ಟಕ್ಕೆಲ್ಲ ಯಾಕೆ ಬೇಜಾರು?" ಎಂದು ಕೇಳಿದೆ.

"ನಿನ್ನ ಅಪ್ಪನನ್ನು ಯಾರಾದ್ರೂ ಮಲಬಾರಿ ಅಂದ್ರೆ ಎಂತ ಆಗ್ತದೆ ಗೊತ್ತುಂಟಲ್ಲ? ಹಾಗೆಯೇ ಇದು ಸಹ" ಎಂದಳು ಅಮ್ಮ.

ನನಗೆ ಚೆನ್ನಾಗಿ ಗೊತ್ತಿತ್ತು. ಬಹರೈನಿನವರಿಗೆ ದಕ್ಷಿಣ ಭಾರತದಿಂದ ಬಂದವರೆಲ್ಲ ಮಲಬಾರಿಗಳು. ಅಂಥ ಗಿರಾಕಿ ಸಿಕ್ಕರೆ ಅಪ್ಪ ಟೇಪನ್ನು ಮೇಜಿನ ಮೇಲೆ ಉದ್ದಕ್ಕೆ ಹಾಸಿ, ಕೇರಳ ಎಲ್ಲಿ ಮುಗಿಯುತ್ತದೆ, ಉಡುಪಿ ಎಷ್ಟು ಇಂಚು ಮೇಲಿದೆ ಎಂದು ತೋರಿಸುತ್ತಿದ್ದರು. ಹಾಗಂತ ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದದ್ದು ಪಕ್ಕದಂಗಡಿಯ ಮಲಯಾಳಿಯ ಜೊತೆಯಲ್ಲೇ.

ಮಾರ್ಗರೆಟ್ ಆಂಟಿಯದೂ ಅದೇ ಕತೆ. ಡೋನಾ ಆಂಟಿ ಕಳಿಸಿದ ಸೇಬಿನ ಪೈ ತಿನ್ನುತ್ತಾ, "ಒಳ್ಳೆಯವರೇ, ಆದರೆ ದನಿ ಜಾಸ್ತಿ" ಎಂದು ಮೆಲ್ಲಗೆ ದೂರುತ್ತಿದ್ದರು. "ಅವರ ದೇಶದ ಸುದ್ದಿಯೆಲ್ಲ ನಮಗೆ ಗೊತ್ತಿರಬೇಕು. ನಮ್ಮದು ಅವರಿಗೆ ಏನೂ ಗೊತ್ತಿಲ್ಲ. ನಾವು ಹಿಮದ ಗುಡಿಸಲಲ್ಲಿ ಮಲಗ್ತೀವಿ ಅಂದ್ಕೊಂಡಿದ್ದಾರೆ." ಆಮೇಲೆ ಇನ್ನೊಂದು ತುಂಡು ಹಾಕಿಕೊಳ್ಳುತ್ತಿದ್ದರು.

ಇದನ್ನು ಕೇಳಿ ಕೇಳಿ ನಾನೂ ಒಂದು ದಿನ ಕೇಟಿಯ ಮನಸ್ಸು ಗೆಲ್ಲಲು, "ಡೋನಾ ಆಂಟಿಗೆ ಏನೂ ಗೊತ್ತಿಲ್ಲ, ಅಲ್ವಾ?" ಎಂದೆ. ಕೇಟಿ ಪೊರಕೆ ಬಿಸಾಕಿ, "ನೀನು ಹಾಗೆ ಹೇಳಬಾರದು, ನಾವು ಹೇಳಬಹುದು" ಎಂದಳು. ಅವಳ ಅಜ್ಜಿಯೇ ಅಮೆರಿಕದವಳಂತೆ. ಎರಡು ದಿನ ನನ್ನೊಡನೆ ಟೂ ಬಿಟ್ಟಿದ್ದಳು.

ಆ ವರ್ಷ ಡಿಸೆಂಬರಿನಲ್ಲಿ ಕೇಟಿಯ ಶಾಲೆಯಲ್ಲಿ ಮೆರವಣಿಗೆ. ಮಕ್ಕಳು ತಮ್ಮ ತಮ್ಮ ದೇಶದ ಬಾವುಟ ಹಿಡಿದು ನಡೆಯಬೇಕು. ಶಾಲೆಯಲ್ಲಿ ಕೆನಡಾದವಳು ಇವಳೊಬ್ಬಳೇ. ಹಿಂದಿನ ವರ್ಷ ಬಾವುಟ ಸಿಗಲಿಲ್ಲವೆಂದು ಟೀಚರು ಅವಳನ್ನು ಅಮೆರಿಕದ ಸಾಲಿನ ಕೊನೆಗೆ ಸೇರಿಸಿದ್ದರಂತೆ, ಎಲ್ಲ ಒಂದೇ ಎಂದು. "ಈ ಸಲ ನನ್ನ ಬಾವುಟ ಇಲ್ಲದಿದ್ದರೆ ನಾನು ಹೋಗೋದೇ ಇಲ್ಲ" ಎಂದಳು.

ಮಾರ್ಗರೆಟ್ ಆಂಟಿ ಪೆನ್ಸಿಲಿನಲ್ಲಿ ಬಾವುಟದ ಚಿತ್ರ ಬರೆದು, ಕೆಂಪು ಬಟ್ಟೆಯ ತುಂಡೊಂದನ್ನು ಅಪ್ಪನಿಗೆ ಕೊಟ್ಟರು. ಎರಡು ಪಕ್ಕ ಕೆಂಪು, ನಡುವೆ ಬಿಳಿ, ಬಿಳಿಯ ಮೇಲೆ ಎಲೆ. ಎಲೆಯ ಬಣ್ಣ ಅವರು ಹೇಳಲಿಲ್ಲ, ಅಪ್ಪ ಕೇಳಲಿಲ್ಲ.

ಮೆರವಣಿಗೆ ಶುಕ್ರವಾರ ಸಂಜೆ ನಾಲ್ಕಕ್ಕೆ. ಮಧ್ಯಾಹ್ನ ಅಪ್ಪ ಇಸ್ತ್ರಿ ಹಾಕಿದ ಬಾವುಟವನ್ನು ಹೆಮ್ಮೆಯಿಂದ ಬಿಡಿಸಿ ತೋರಿಸಿದರು. ನಡುವೆ ಹಸುರು ಎಲೆ ಕಂಗೊಳಿಸುತ್ತಿತ್ತು. ಆಸ್ಪತ್ರೆಯವರಿಗೆ ಆಪರೇಷನ್ ಗೌನು ಹೊಲಿದು ಉಳಿದ ಬಟ್ಟೆಯದು. ಕೇಟಿ ನೋಡಿದಳು, ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು ಅಳತೊಡಗಿದಳು.

"ಎಲೆ ಕೆಂಪಿರಬೇಕಿತ್ತು" ಎಂದರು ಮಾರ್ಗರೆಟ್ ಆಂಟಿ, ಸಣ್ಣ ದನಿಯಲ್ಲಿ.

"ಕೆಂಪಾದ್ರೆ ಅದು ಉದುರುವ ಎಲೆ ಅಲ್ವಾ ಮೇಡಂ?" ಅಪ್ಪ ಕಂಗಾಲಾಗಿದ್ದರು. "ಉದುರುವ ಎಲೆಯನ್ನು ಯಾರಾದ್ರೂ ಬಾವುಟಕ್ಕೆ ಹಾಕ್ತಾರಾ?"

ಕೆಂಪು ಬಟ್ಟೆ ಚೂರೂ ಉಳಿದಿರಲಿಲ್ಲ. ಗಾಳಿಗೆ ಹರಿಯಬಾರದೆಂದು ಅಪ್ಪ ಪಟ್ಟಿಗಳನ್ನು ಎರಡು ಪದರ ಮಾಡಿ, ಒತ್ತೊತ್ತಾಗಿ ಹೊಲಿಗೆ ಹಾಕಿದ್ದರು; ಬಿಚ್ಚಿದರೆ ಬಟ್ಟೆಯೆಲ್ಲ ಸೂಜಿಯ ತೂತು. ಶುಕ್ರವಾರ, ಬಟ್ಟೆ ಅಂಗಡಿಗಳಿಗೆ ಬಾಗಿಲು. ಅಪ್ಪನ ಅಂಗಡಿಯಲ್ಲಿ ಇದ್ದದ್ದು ಬೂದು, ನೀಲಿ, ಖಾಕಿ. ಆಗ ನನಗೆ ಡೋನಾ ಆಂಟಿಯ ಊಟದ ಮೇಜು ನೆನಪಾಯಿತು. ಕ್ರಿಸ್‌ಮಸ್‌ಗೆಂದು ಆ ವಾರವೇ ಅದರ ಮೇಲೆ ಕೆಂಪು ಬಟ್ಟೆ ಹಾಸಿದ್ದರು.

ನಾನು ಬಾಯಿಬಿಟ್ಟು ಹೇಳಿದೆ. ಮಾರ್ಗರೆಟ್ ಆಂಟಿ ತಲೆ ಅಲ್ಲಾಡಿಸಿದರು. "ಬೇಡ. ಕೆನಡಾದ ಬಾವುಟ ಮಾಡಿದ್ದು ಅಮೆರಿಕ ಅಂತ ಅವಳು ಸಾಯುವವರೆಗೆ ಹೇಳ್ಕೊಂಡು ತಿರುಗ್ತಾಳೆ."

ಅವರ ಮಾತು ಮುಗಿಯುವಷ್ಟರಲ್ಲಿ ನಾನು ಡೋನಾ ಆಂಟಿಯ ಬಾಗಿಲಲ್ಲಿದ್ದೆ. ವಿಷಯ ಕೇಳಿ ಅವರು ಗಹಗಹಿಸಿ ನಕ್ಕರು. ಮೇಜಿನ ಮೇಲಿದ್ದ ತಟ್ಟೆಗಳನ್ನೆಲ್ಲ ಬದಿಗೆ ತಳ್ಳಿ, ಬಟ್ಟೆಯನ್ನು ಎಳೆದುಕೊಂಡು, ಕತ್ತರಿಯನ್ನೂ ಹಿಡಿದು ನಮ್ಮ ಮನೆಗೇ ಬಂದರು. ಅಮ್ಮನ ಕೈಮೆಷಿನ್ನಿನ ಪಕ್ಕ ಕುಳಿತು, ಪೆನ್ಸಿಲ್ ಚಿತ್ರವನ್ನು ನೋಡಿ ಹುಬ್ಬೇರಿಸಿದರು.

"ಮಾರ್ಗರೆಟ್, ಇದಕ್ಕೆ ಒಂಬತ್ತೇ ತುದಿ ಬರೆದಿದ್ದೀಯ. ಹನ್ನೊಂದು ಇರಬೇಕು."

"ನಮ್ಮ ಎಲೆ ನನಗೆ ಗೊತ್ತು ಡೋನಾ."

"ನನಗೂ ಗೊತ್ತು. ನಮ್ಮೂರಲ್ಲಿ ನದಿ ದಾಟಿದರೆ ನಿಮ್ಮ ದೇಶ. ಅಡುಗೆಮನೆ ಕಿಟಕಿಯಿಂದ ನಾನು ದಿನಾ ನೋಡ್ತಿದ್ದದ್ದು ಆಚೆ ದಡದಲ್ಲಿ ಹಾರೋ ನಿಮ್ಮ ಬಾವುಟಾನೇ."

ಮಾರ್ಗರೆಟ್ ಆಂಟಿ ಬಿರಬಿರನೆ ಹೋಗಿ ಊರಿನಿಂದ ಬಂದ ಕಾಗದವೊಂದನ್ನು ತಂದರು. ಅದರ ಸ್ಟಾಂಪಿನ ಮೇಲೆ ಬಾವುಟವಿತ್ತು. ಅಪ್ಪ ಕನ್ನಡಕ ಏರಿಸಿ, ಸೂಜಿಯ ಮೊನೆಯಿಂದ ಎಣಿಸಿದರು. ನಾವೆಲ್ಲ ಅವರ ಹೆಗಲ ಮೇಲೆ ಬಾಗಿ ನೋಡಿದೆವು.

"ಹನ್ನೊಂದು" ಎಂದರು ಅಪ್ಪ.

ಮಾರ್ಗರೆಟ್ ಆಂಟಿಯ ಮುಖ ಮೇಜಿನ ಬಟ್ಟೆಗಿಂತ ಕೆಂಪಾಯಿತು. ಆಮೇಲೆ ಅವರು ಅಮ್ಮನ ಕಡೆ ತಿರುಗಿ, "ನಾನು ಹೇಳಿರಲಿಲ್ವಾ, ಇವರಿಗೆ ಎಲ್ಲಾ ಗೊತ್ತು ಅನ್ನೋ ಜಂಬ ಅಂತ" ಎಂದರು. ಮೊದಲು ನಕ್ಕಿದ್ದು ಡೋನಾ ಆಂಟಿ. ನಗು ಸೋಂಕಿ ಮೆಟ್ಟಿಲ ಮೇಲಿದ್ದ ಕೇಟಿಯೂ ಒಳಗೆ ಬಂದಳು. ಅಪ್ಪ ಹಸುರು ಎಲೆಯನ್ನು ಬಿಚ್ಚಿ ತೆಗೆದು ಮೆಷಿನ್ ತಿರುಗಿಸಿದರು, ಡೋನಾ ಆಂಟಿ ಬಟ್ಟೆ ಹಿಡಿದರು, ಮಾರ್ಗರೆಟ್ ಆಂಟಿ ನೂಲು ಕತ್ತರಿಸಿದರು. ಮೂರೂವರೆಗೆ ಡೋನಾ ಆಂಟಿಯ ಉದ್ದನೆಯ ಕಾರಿನಲ್ಲಿ ಎಲ್ಲರೂ ತುಂಬಿಕೊಂಡು ಹೊರಟೆವು.

ಅಮೆರಿಕದ ಸಾಲು ಹೋದಾಗ ಡೋನಾ ಆಂಟಿ ಚಪ್ಪಾಳೆ ತಟ್ಟಿದರು. ಆಮೇಲೆ ಟೀಚರು ಮೈಕಿನಲ್ಲಿ "ಕೆನಡಾ" ಎಂದರು. ಬಯಲಿನ ಆ ತುದಿಯಿಂದ ಕೇಟಿ ಒಬ್ಬಳೇ ಬಂದಳು. ಎರಡು ಪದರದ ಬಾವುಟ ಭಾರವಾಗಿ, ಕೋಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಗಲ್ಲ ಮೇಲೆತ್ತಿ. ಡೋನಾ ಆಂಟಿ ಎದ್ದು ನಿಂತು ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದರು. ಮಾರ್ಗರೆಟ್ ಆಂಟಿ ಕಣ್ಣೊರೆಸಿಕೊಳ್ಳುತ್ತಾ, "ನೋಡಿ, ಎಂಥ ಗಲಾಟೆ ಇವಳದ್ದು" ಎಂದು ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದರು. ಅವರ ಇನ್ನೊಂದು ಕೈ ಡೋನಾ ಆಂಟಿಯ ಕೈಯೊಳಗಿತ್ತು. ಅಷ್ಟು ಸಂತೋಷ ನನಗೆ ನಾನೇ ಬಹುಮಾನ ಗೆದ್ದಾಗಲೂ ಆದದ್ದಿಲ್ಲ.

ಕ್ರಿಸ್‌ಮಸ್ ದಿನ ಮೂರೂ ಮನೆಯವರು ಆ ಮೇಜಿನ ಸುತ್ತ ಕುಳಿತೆವು. ಕತ್ತರಿಸಿದ ಜಾಗಕ್ಕೆ ಅಪ್ಪ ತೇಪೆ ಹಾಕಿ, ಅದರ ಮೇಲೆ ಅದೇ ಹಸುರು ಎಲೆಯನ್ನು ಕೂರಿಸಿ ಹೊಲಿದಿದ್ದರು. ಸೇತುವೆ ಮುಗಿದ ಮೇಲೆ ಕೇಟಿಯವರು ಹೋದರು, ಮರುವರ್ಷ ಡೋನಾ ಆಂಟಿಯವರೂ. ನಾಲ್ಕೈದು ಕಾಗದ ಬಂದವು, ಬರೆದೆವು, ನಿಂತುಹೋಯಿತು.

ನಾನೀಗ ಜುಫೈರ್‌ನಲ್ಲಿ ಹನ್ನೆರಡನೆಯ ಮಹಡಿಯಲ್ಲಿದ್ದೇನೆ. ಎದುರು ಬಾಗಿಲಿನವರಿಗೆ ಆಗಿನ ಕೇಟಿಯಷ್ಟೇ ದೊಡ್ಡ ಮಗಳಿದ್ದಾಳೆ. ಲಿಫ್ಟಿನಲ್ಲಿ ಸಿಕ್ಕರೆ ನಗುತ್ತೇವೆ. ಎರಡು ವರ್ಷವಾಯಿತು, ಅವರದು ಯಾವ ದೇಶವೆಂದು ನನಗೆ ಗೊತ್ತಿಲ್ಲ, ನನ್ನದು ಅವರಿಗೆ ಗೊತ್ತಿಲ್ಲ. ಈಗ ಇಲ್ಲಿ ಯಾರೂ ಯಾರನ್ನೂ ತಪ್ಪು ಹೆಸರಿನಿಂದ ಕರೆಯುವುದಿಲ್ಲ. ಕರೆಯುವುದೇ ಇಲ್ಲ.