ಗುಂಪಿಗೆ ಥ್ಯಾಂಕ್ಸ್ ಹೇಳಬಾರದು

ವಿಶಾಖಾಗೆ ಅಚ್ಚಾದ ಕಾಗದದ ಭಯ ಚಿಕ್ಕಂದಿನಿಂದಲೂ ಇತ್ತು. ಬಟ್ಟೆ ಮಿಲ್ಲೊಂದರಲ್ಲಿದ್ದ ಅವಳ ಅಪ್ಪ ಆಂಜಿನಯ್ಯನವರನ್ನು ಒಂದು ಬೆಳಿಗ್ಗೆ ಗೇಟಿನಲ್ಲೇ ಕೆಲಸದಿಂದ ತೆಗೆದ ಅಚ್ಚಾದ ಚೀಟಿ ಕೊಟ್ಟು ವಾಪಸ್ ಕಳಿಸಿದ್ದರು. ಮುಂದೆ ಅವಳೇ ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾದರೂ, ಯಾರಿಗೋ ಬಂದ ಮೆಮೊ ಕಂಡರೂ ಅವಳ ಕೈ ತಣ್ಣಗಾಗುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಚಾಮರಾಜಪೇಟೆಯ ಬಾಡಿಗೆ ಮನೆಯಲ್ಲಿ ಅವಳೂ ಅಮ್ಮ ಪಾರ್ವತಮ್ಮನೂ ಇಬ್ಬರೇ. ೨೦೦೪ರ ಬೇಸಿಗೆಯಲ್ಲಿ ಅಮ್ಮನ ರೆಪ್ಪೆಗಳು ಸಂಜೆಯಾಗುತ್ತಲೇ ಜೋಲತೊಡಗಿದವು. ಆಮೇಲೆ ಅನ್ನ ನುಂಗುವುದು ಕಷ್ಟವಾಯಿತು. ನೋಡಿದ ಡಾಕ್ಟರುಗಳು ಸುಸ್ತು ಎಂದರು, ವಯಸ್ಸು ಎಂದರು. ಕೊನೆಗೆ ನರರೋಗದ ಡಾಕ್ಟರೊಬ್ಬರು ಮಯಸ್ತೇನಿಯಾ ಎಂದು ಗುರುತಿಸಿದರು. ನರ ಹೇಳಿದ್ದು ಸ್ನಾಯುವಿಗೆ ಸರಿಯಾಗಿ ತಲುಪದ ಕಾಯಿಲೆ. ಮಾತ್ರೆಯಲ್ಲಿ ಹತೋಟಿಗೆ ಬರುತ್ತದೆ; ಆದರೆ ಉಸಿರಾಟದ ಸ್ನಾಯುವೇ ಸೋತರೆ ಅಪಾಯ. ಇಷ್ಟು ಹೇಳಿ ಅವರು ಮುಂದಿನ ರೋಗಿಯನ್ನು ಕರೆದರು.

ಉಳಿದದ್ದನ್ನು ಕೇಳಲು ಅವಳಿಗೆ ಸಿಕ್ಕಿದ್ದು ಇಂಟರ್‌ನೆಟ್ಟಿನ ಒಂದು ಗುಂಪು. ಈ ಕಾಯಿಲೆಯವರೂ ಅವರ ಮನೆಯವರೂ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪ್ ಮಾಡಿ ಮೇಲ್ ಕಳಿಸುತ್ತಿದ್ದರು. ಒಬ್ಬರು ಬರೆದದ್ದು ಎಲ್ಲರಿಗೂ ಹೋಗುತ್ತಿತ್ತು. ಮನೆಯ ಹತ್ತಿರದ ಸೈಬರ್ ಸೆಂಟರಿನಲ್ಲಿ ಕೂತು, ಅಮ್ಮನಿಗೆ ಎಂಥ ಊಟ ಕೊಡಬೇಕೆಂದು ವಿಶಾಖಾ ಕೇಳಿದಳು. ಎಲ್ಲೆಲ್ಲಿಂದಲೋ ಉತ್ತರಗಳು ಬಂದವು. ಮುಖ ಕಾಣದ ಇಷ್ಟು ಜನ ತನ್ನಮ್ಮನ ಗಂಜಿಯ ಬಗ್ಗೆ ಯೋಚಿಸಿದ್ದಾರಲ್ಲ ಎಂದು ಅವಳ ಕಣ್ಣು ತುಂಬಿತು. ಒಬ್ಬೊಬ್ಬರ ಹೆಸರು ಹಿಡಿದು, ಒಂದೊಂದು ಮೇಲ್‌ಗೂ ಬೇರೆ ಬೇರೆಯಾಗಿ ಥ್ಯಾಂಕ್ಸ್ ಬರೆದಳು.

ಮಾರನೆಯ ದಿನ ಗುಂಪನ್ನು ನೋಡಿಕೊಳ್ಳುತ್ತಿದ್ದ ಮೈಸೂರಿನ ವರದರಾಜ ಎಂಬುವರ ಮೇಲ್ ಬಂದಿತ್ತು. "ಬರೀ ಥ್ಯಾಂಕ್ಸ್ ಹೇಳುವ ಮೇಲ್‌ಗಳನ್ನು ಗುಂಪಿಗೆ ಕಳಿಸಬಾರದು. ಇನ್ನೊಮ್ಮೆ ಹೀಗಾದರೆ ನಿಮ್ಮನ್ನು ಗುಂಪಿನಿಂದ ತೆಗೆಯಬೇಕಾಗುತ್ತದೆ." ವಿಶಾಖಾ ಸುತ್ತ ನೋಡಿದಳು, ಪಕ್ಕದವರು ಓದಿಬಿಟ್ಟರೇನೋ ಎಂದು. ಮೆಮೊ ಇಲ್ಲಿಗೂ ಬಂದಿತ್ತು. ತೆಗೆದುಬಿಟ್ಟರೆ ನಾಳೆ ಅಮ್ಮನಿಗೆ ಏನಾದರೂ ಆದಾಗ ಯಾರನ್ನು ಕೇಳುವುದು? ಆಮೇಲೆ ಅವಳು ಓದುತ್ತಿದ್ದಳೇ ಹೊರತು ಒಂದಕ್ಷರ ಬರೆಯಲಿಲ್ಲ.

ಮಳೆಗಾಲದಲ್ಲಿ ಅಮ್ಮನಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಹತ್ತಿರದ ನರ್ಸಿಂಗ್ ಹೋಮಿಗೆ ಸೇರಿಸಿದಳು. ಅಲ್ಲಿನ ಡಾಕ್ಟರು ಹಳೆಯ ಫೈಲ್ ತೆರೆಯದೆ ಒಂದು ಇಂಜೆಕ್ಷನ್ ಬರೆದರು. ಈ ಕಾಯಿಲೆಯವರಿಗೆ ಕೆಲವು ಔಷಧಿ ಆಗದು ಎಂದು ಗುಂಪಿನಲ್ಲಿ ಎಂದೋ ಓದಿದ ನೆನಪು. ಯಾವುದೆಂದು ನೆನಪಿಲ್ಲ. ನರರೋಗದ ಡಾಕ್ಟರ ಫೋನನ್ನು ಯಾರೂ ಎತ್ತುತ್ತಿಲ್ಲ. ಸೈಬರ್ ಸೆಂಟರಿಗೆ ಓಡಿ, ಇಂಜೆಕ್ಷನ್ನಿನ ಹೆಸರು ಟೈಪ್ ಮಾಡಿ, ಕೊಡಬಹುದೇ ಎಂದು ಕೇಳಿ, ಕೆಳಗೆ ವಿಶಾಖಾ, ಚಾಮರಾಜಪೇಟೆ ಎಂದು ಹಾಕಿದಳು. ಇದೂ ತಪ್ಪಾಗಿ ತನ್ನನ್ನು ತೆಗೆದುಬಿಟ್ಟರೆ ಎಂದು ಬೆರಳು ಹಿಂಜರಿಯಿತು. ಕೊನೆಗೆ ಕಣ್ಣು ಮುಚ್ಚಿ ಕಳಿಸಿದಳು.

ಎದ್ದು ಹೋಗುವಷ್ಟರಲ್ಲಿ ಉತ್ತರ ಬಂತು. ಮಲ್ಲೇಶ್ವರದ ಬದರೀನಾರಾಯಣ ಎಂಬುವರು ಬರೆದಿದ್ದರು: "ಬೇಡ. ನನ್ನ ಹೆಂಡತಿ ತುಳಸಿಗೆ ಇದನ್ನೇ ಕೊಟ್ಟ ಮೇಲೆ ಉಸಿರು ನಿಂತಿತು. ನರರೋಗದ ಡಾಕ್ಟರನ್ನು ಕೇಳದೆ ಹಾಕಿಸಬೇಡಿ. ಓಡಿ."

ಅವಳು ಹಿಂತಿರುಗಿದಾಗ ನರ್ಸ್ ಸಿರಿಂಜಿಗೆ ಔಷಧಿ ಎಳೆಯುತ್ತಿದ್ದಳು.

"ಸಿಸ್ಟರ್, ನಿಲ್ಸಿ! ದಯವಿಟ್ಟು ನಿಲ್ಸಿ!"

"ಡಾಕ್ಟರ್ ಬರ್ದಿರೋದಮ್ಮ ಇದು."

"ನಮ್ಮಮ್ಮಂಗೆ ಮಯಸ್ತೇನಿಯಾ ಇದೆ. ಇದು ಆಗಲ್ವಂತೆ. ದೊಡ್ಡ ಡಾಕ್ಟ್ರನ್ನ ಒಂದ್ಸಲ ಕೇಳಿ."

ಸದ್ದು ಕೇಳಿ ಬಂದ ಡಾಕ್ಟರು ಸಿಡುಕುತ್ತಲೇ ನರರೋಗದ ಡಾಕ್ಟರಿಗೆ ಫೋನ್ ಮಾಡಿದರು. ಅವರಿಗೆ ಲೈನ್ ಸಿಕ್ಕಿತು. ಮಾತು ಮುಗಿಸಿ ಇಟ್ಟಾಗ ಮುಖದಲ್ಲಿ ಸಿಡುಕು ಇರಲಿಲ್ಲ. ಔಷಧಿ ಬದಲಾಯಿತು. ಆದರೂ ಜ್ವರದ ಹೊಡೆತಕ್ಕೆ ಅಮ್ಮನ ಉಸಿರು ಕುಗ್ಗಿ, ದೊಡ್ಡಾಸ್ಪತ್ರೆಯ ಐಸಿಯುಗೆ ಒಯ್ಯಬೇಕಾಯಿತು. ಗಾಜಿನಾಚೆ ಅಮ್ಮನ ಎದೆ ಏರಿಳಿಯುವುದನ್ನು ನೋಡುತ್ತಾ, ಮುಂದಿನ ಉಸಿರು ಬರುವವರೆಗೆ ತಾನೂ ಉಸಿರು ಬಿಗಿಹಿಡಿದು ವಿಶಾಖಾ ದಿನ ಕಳೆದಳು.

ಅಮ್ಮ ಉಳಿದರು. ಮನೆಗೆ ಬಂದ ಮೇಲೆ ವಿಶಾಖಾ ಮತ್ತೆ ಕಂಪ್ಯೂಟರಿನ ಮುಂದೆ ಕೂತಳು. ಥ್ಯಾಂಕ್ಸ್ ಎಂದು ಬರೆದಳು, ಅಳಿಸಿದಳು. ಏನು ಕಳಿಸಿದರೂ ಗುಂಪಿಗೇ ಹೋಗುತ್ತದೆಂದು ಅವಳು ನಂಬಿದ್ದಳು. ಒಬ್ಬರಿಗೇ ಕಳಿಸುವುದು ಹೇಗೆಂದು ಗೊತ್ತಿರಲಿಲ್ಲ. ಅಮ್ಮನಿಗೆ ಇನ್ನೆಷ್ಟು ಸಲ ಈ ಗುಂಪು ಬೇಕಾಗುವುದೋ ಎಂದು ಸುಮ್ಮನೆ ಎದ್ದು ಬಂದಳು.

ಕೆಲವು ವಾರಗಳ ನಂತರ ಬಳ್ಳಾರಿಯ ಹೆಂಗಸೊಬ್ಬಳು ಗಂಡನ ಔಷಧಿಯ ಬಗ್ಗೆ ಕೇಳಿದ್ದಳು. ಅದಕ್ಕೆ ಬದರೀನಾರಾಯಣರ ಉತ್ತರವಿತ್ತು: "ನಾನು ವೈದ್ಯನಲ್ಲ. ಚಾಮರಾಜಪೇಟೆಯವರಿಗೆ ಇಂಜೆಕ್ಷನ್ ಬೇಡವೆಂದೆ. ಆಮೇಲೆ ಸುದ್ದಿಯೇ ಇಲ್ಲ. ಆ ತಾಯಿಗೆ ಏನಾಯಿತೋ. ಇನ್ನು ನಾನು ಯಾರಿಗೂ ಹೇಳುವುದಿಲ್ಲ."

ವಿಶಾಖಾ ಅದನ್ನು ಮತ್ತೊಮ್ಮೆ ಓದಿದಳು. ತಾನು ಹೆದರಿ ಸುಮ್ಮನಿದ್ದಷ್ಟು ದಿನ ಒಬ್ಬ ಮನುಷ್ಯ ಒಂದು ಸಾವನ್ನು ತಲೆಯ ಮೇಲೆ ಹೊತ್ತು ಕೂತಿದ್ದ. ಕಾಗದ ಬರೆಯುವವರ ಹಾಗೆ ಅವರು ಮೇಲ್‌ನ ಕೊನೆಗೆ ಮನೆ ವಿಳಾಸ ಹಾಕುತ್ತಿದ್ದರು. ಅವಳು ಆಗಲೇ ಮಲ್ಲೇಶ್ವರದ ಬಸ್ಸು ಹತ್ತಿದಳು.

ಬಾಗಿಲು ತೆರೆದವರು ಬನಿಯನ್ ತೊಟ್ಟ ಸಣಕಲು ಮುದುಕರು.

"ಸರ್, ನಾನು ವಿಶಾಖಾ. ಚಾಮರಾಜಪೇಟೆ..."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಒಂದ್ನಿಮಿಷ ತಾಯಿ. ಈಗ್ಲೇ ಹೇಳ್ಬೇಡಿ. ನಾನು ಕೂತ್ಕೋತೀನಿ."

"ಅಮ್ಮ ಚೆನ್ನಾಗಿದಾರೆ ಸರ್. ಬೆಳಿಗ್ಗೆ ಇಡ್ಲಿ ತಿಂದ್ರು."

ಅವರು ಟವಲಿನಿಂದ ಮುಖ ಮುಚ್ಚಿಕೊಂಡರು. ಅದನ್ನು ಸರಿಸಿ, "ಬೇಡ ಅಂದು ನಾನೇ ಕೊಂದ್ನೇನೋ ಅಂತ... ಒಂದು ಮಾತು ಬರೀಬಾರ್ದಿತ್ತೇನಮ್ಮ?" ಎಂದರು.

ಅವಳು ತನಗೆ ಬಂದ ಎಚ್ಚರಿಕೆಯ ವಿಷಯ ಹೇಳಿದಳು. ಅವರು ಅಲ್ಲಿಂದಲೇ ವರದರಾಜರಿಗೆ ಫೋನ್ ಮಾಡಿ ರಿಸೀವರನ್ನು ಅವಳ ಕೈಗಿತ್ತರು. ಬೈಗುಳ ಕೇಳಲು ಸಿದ್ಧಳಾಗಿ ಅವಳು ಅದನ್ನು ಕಿವಿಗಿಟ್ಟಳು. ಆಚೆಯ ದನಿ ಮೆತ್ತಗಿತ್ತು.

"ಮೇಡಂ, ಮಂಡ್ಯದವ್ರೊಬ್ರು ಉಸಿರು ಕಟ್ತಿದೆ ಅಂತ ಬರ್ದಿದ್ರು. ಥ್ಯಾಂಕ್ಸುಗಳ ರಾಶೀಲಿ ಯಾರ ಕಣ್ಣಿಗೂ ಬೀಳ್ಲಿಲ್ಲ. ಅವ್ರು ಹೋಗ್ಬಿಟ್ರು. ಆಮೇಲಿಂದ ನಂಗೂ ಹೆದರಿಕೆ. ಥ್ಯಾಂಕ್ಸ್ ಅವ್ರೊಬ್ರಿಗೇ ಹೇಳಿ. ಆದ್ರೆ ಏನಾಯ್ತು ಅನ್ನೋದನ್ನ ಎಲ್ರಿಗೂ ಹೇಳ್ಬೇಕು. ನಾನು ಅದನ್ನ ಬರೀಲೇ ಇಲ್ಲ, ನನ್ನದೇ ತಪ್ಪು."

ಬದರೀನಾರಾಯಣರ ಕಂಪ್ಯೂಟರಿನಲ್ಲೇ ಕೂತು ವಿಶಾಖಾ ನಡೆದದ್ದನ್ನೆಲ್ಲ ಒಂದೇ ಮೇಲ್‌ನಲ್ಲಿ ಬರೆದಳು. ಒಬ್ಬರಿಗೇ ಕಳಿಸುವುದು ಹೇಗೆಂದು ಅವರು ತೋರಿಸಿಕೊಟ್ಟರು. ಆಮೇಲೆ ಬಳ್ಳಾರಿಯವಳಿಗೆ ಉತ್ತರ ಬರೆಯಲು ಕೂತರು.

ಪಾರ್ವತಮ್ಮ ಇನ್ನೂ ಕೆಲವು ವರ್ಷ ಬದುಕಿದರು. ಅಷ್ಟರಲ್ಲಿ ವಿಶಾಖಾಳೂ ಗುಂಪಿನಲ್ಲಿ ಉತ್ತರಿಸುವವರಲ್ಲಿ ಒಬ್ಬಳಾಗಿದ್ದಳು. ಒಮ್ಮೆ ಮತ್ತಿಕೆರೆಯ ಹುಡುಗಿಯೊಬ್ಬಳು ತಂದೆಗೆ ನೀರೂ ನುಂಗಲು ಆಗುತ್ತಿಲ್ಲವೆಂದು ಬರೆದಳು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ವಿಶಾಖಾ ಉತ್ತರಿಸಿದಳು. ಹುಡುಗಿ ಮತ್ತೆ ಬರೆಯಲಿಲ್ಲ. ಏನಾಯಿತೆಂದು ಕೇಳುವ ಧೈರ್ಯ ವಿಶಾಖಾಗೆ ಬರಲಿಲ್ಲ. ಆದರೂ ದಿನಾ ಕಚೇರಿಯಿಂದ ಬರುತ್ತಾ ಸೈಬರ್ ಸೆಂಟರಿಗೆ ಹೋಗಿ, ಬಂದ ಮೇಲ್‌ಗಳ ನಡುವೆ ಆ ಹುಡುಗಿಯ ಹೆಸರನ್ನು ಹುಡುಕುತ್ತಿದ್ದಳು.